ಕಾಲು ಸುತ್ತು

ನಮ್ಮೂರಿನಲ್ಲಿ ಯಾರು ಯಾರನ್ನು ಏನು ಬೇಕಾದರೂ ಕೇಳಬಹುದು. ಸಂಬಳ ಎಷ್ಟು, ಮಗಳಿಗೆ ಇನ್ನೂ ಯಾಕೆ ಗಂಡು ಗೊತ್ತಾಗಿಲ್ಲ, ಆಪರೇಷನ್ ಆದದ್ದು ಎಡಗಡೆಗೋ ಬಲಗಡೆಗೋ, ಇವನ್ನೆಲ್ಲ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರು ಕೇಳುತ್ತಾರೆ, ಗುರುತಿಲ್ಲದವರು ವಿವರವಾಗಿ ಉತ್ತರಿಸುತ್ತಾರೆ. ಆದರೆ ಆಟೋದಲ್ಲಿ ಪಕ್ಕಕ್ಕೆ ಕೂತವರನ್ನು "ನಿಮಗೆ ಏನು ವಾಸನೆ ಬರ್ತಿದೆ?" ಎಂದು ಮಾತ್ರ ಕೇಳುವಂತಿಲ್ಲ. ಹೊರಗಿನಿಂದ ಬಂದ ಒಬ್ಬ ಮದುಮಗ ಇದು ತಿಳಿಯದೆ, ಮದುವೆಯಾಗಿ ನಾಲ್ಕನೇ ದಿನ, ಆಟೋದಲ್ಲಿ ಹೆಂಡತಿಯನ್ನು ಕೇಳಿಬಿಟ್ಟ. ಅವಳು ಸತ್ಯವಂತೆ. ಹುರಿಗಡಲೆ ವಾಸನೆ ಎಂದಳು. ಊರಿನಲ್ಲಿ ಕಡಲೆ ಹುರಿಯುವವನು ಒಬ್ಬನೇ ಇದ್ದ; ಇನ್ನೂ ಮದುವೆಯಾಗದವನು, ಗುಂಗುರು ಕೂದಲಿನವನು. ಈಗ ಅವಳು ಆ ಅಂಗಡಿಯ ಗಲ್ಲಾದ ಮೇಲೆ ಕೂರುತ್ತಾಳೆ. ಮದುಮಗ ಮುಂದಿನ ಬಸ್ಸು ಹಿಡಿದು ತನ್ನೂರಿಗೆ ಹೋದ.

ಬೇರೆ ಊರುಗಳಲ್ಲಿ ವಾಹನಗಳಿಗೆ ತುಂಬುವ ಗ್ಯಾಸು ಕೊಳೆತ ಕೋಸಿನಂತೆ ನಾರುತ್ತದಂತೆ. ಸೋರಿದ್ದು ಗೊತ್ತಾಗಲಿ, ಜನ ಮೂಗು ಮುಚ್ಚಿಕೊಂಡು ಓಡಲಿ ಎಂದು ಬೇಕೆಂದೇ ಆ ನಾತ ಬೆರೆಸುತ್ತಾರಂತೆ. ನಮ್ಮೂರಿನ ಗ್ಯಾಸು ಸೋರಿದರೆ ಅವರವರಿಗೆ ಜಗತ್ತಿನಲ್ಲಿ ಅತ್ಯಂತ ಇಷ್ಟವಾದದ್ದು ಯಾವುದೋ ಅದರ ವಾಸನೆ ಬರುತ್ತದೆ. ಓಡುವವರು ಯಾರೂ ಇಲ್ಲ, ಹತ್ತಿರ ಸರಿಯುವವರೇ ಎಲ್ಲ. ಒಮ್ಮೆ ಇದನ್ನು ಪರಿಶೀಲಿಸಲು ರಾಜಧಾನಿಯಿಂದ ಮೂವರು ತಜ್ಞರು ಎರಡು ದಿನಕ್ಕೆಂದು ಬಂದು ಎರಡು ತಿಂಗಳು ಇದ್ದರು. ಇಬ್ಬರನ್ನು ಅವರವರ ಮನೆಯವರು ಬಂದು ಕರೆದುಕೊಂಡು ಹೋದರು. ಮೂರನೆಯವರು ಗ್ಯಾಸ್ ಬಂಕಿನ ಎದುರಿಗೆ ಎಳನೀರು ಮಾರಿಕೊಂಡು ಇಲ್ಲೇ ಇದ್ದಾರೆ. ವರದಿ ಬರಲಿಲ್ಲ.

ಇಂಥ ಊರಿನಲ್ಲಿ ಆಟೋದವರು ಸುಮ್ಮನಿರುತ್ತಾರೆಯೇ? ಹಿಂದಿನ ಸೀಟಿನ ಕೆಳಗೆ ಸಿಲಿಂಡರು, ಸಿಲಿಂಡರಿನ ಕುತ್ತಿಗೆಗೆ ವಾಲ್ವು, ವಾಲ್ವಿನಿಂದ ಇಂಜಿನ್ನಿಗೆ ಹೋಗುವ ಸಣ್ಣ ಪೈಪು, ಆ ಪೈಪು ಕೂಡುವ ಕಡೆ ಒಂದು ನಟ್ಟು. ಅದನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲಿಸಿದರೆ ಸಾಕು. ಗ್ಯಾಸು ನೂಲಿನೆಳೆಯಷ್ಟು ಸೋರುತ್ತದೆ, ಸೀಟಿನ ಮೇಲಿದ್ದವರು ಇಳಿಯುವ ಜಾಗ ಬಂದರೂ ಇಳಿಯುವುದಿಲ್ಲ, "ಇನ್ನೊಂದು ರೌಂಡ್ ಹೋಗಪ್ಪ" ಎನ್ನುತ್ತಾರೆ. ಇಂಥ ಆಟೋಗಳಿಗೆ ಕಾಲು ಸುತ್ತಿನ ಆಟೋ ಎಂದೇ ಹೆಸರು. ಕೈ ತೋರಿಸಿ ನಿಲ್ಲಿಸುವ ಮೊದಲು ಜನ ಮೂಗು ಮುಂದೆ ಮಾಡಿ ನಿಲ್ಲುತ್ತಿದ್ದರು. ಕೊನೆಗೆ ಒಬ್ಬ ಕಾಲು ಸುತ್ತಿನವನು ಮುಚ್ಚಿದ ಗ್ಯಾರೇಜಿನಲ್ಲಿ ಆಯುಧಪೂಜೆಯ ಊದುಬತ್ತಿ ಹಚ್ಚಿದ. ಗ್ಯಾರೇಜಿನ ತಗಡು ಮೂರನೇ ಬೀದಿಯ ಹುಣಿಸೇಮರದಲ್ಲಿ ಸಿಕ್ಕಿತು. ಅವನು ಉಳಿದ, ಹುಬ್ಬು ಉಳಿಯಲಿಲ್ಲ. ಮದುವೆಯ ಫೋಟೋಕ್ಕೆ ಕಾಡಿಗೆಯಿಂದ ಬರೆದರು. ಎಡದ್ದು ಕೊಂಚ ಮೇಲಾಗಿ, ಅವನು ಹೆಣ್ಣನ್ನು ಒಪ್ಪಿದ್ದಾನೋ ಇಲ್ಲವೋ ಎಂದು ಬೀಗರಿಗೆ ಇವತ್ತಿಗೂ ಅನುಮಾನವಿದೆ.

ಆಮೇಲೆ ಪುರಸಭೆ ತಪಾಸಣಾ ಶೆಡ್ಡು ಕಟ್ಟಿಸಿತು. ಪ್ರತಿ ವಾಹನವೂ ತಿಂಗಳಿಗೊಮ್ಮೆ ಬರಬೇಕು. ಮೊದಲು ಬಂದ ಇಬ್ಬರು ತಪಾಸಣೆಗಾರರು ಸೋರುವ ಆಟೋ ಸಿಕ್ಕರೆ ಅದರ ಕೆಳಗೇ ಮಲಗಿ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಆದ್ದರಿಂದ ಪುರಸಭೆ ಒಂದು ನಿಯಮ ಮಾಡಿತು. ಅದನ್ನು ಕೈಯಾರೆ ಬರೆದವನು ನಾನೇ, ಶೆಡ್ಡಿನ ಗುಮಾಸ್ತ: "ವಾಸನೆ ತಿಳಿಯುವ ಶಕ್ತಿಯುಳ್ಳ ಯಾರೊಬ್ಬರೂ ಸದರಿ ಹುದ್ದೆಯಲ್ಲಿ ಇರತಕ್ಕದ್ದಲ್ಲ." ಹಾಗೆ ಬಂದವರು ಚೆಲುವಾಂಬ, ಊರ ಬಾಯಲ್ಲಿ ಚೆಲುವಮ್ಮ.

ಚೆಲುವಮ್ಮ ಅದಕ್ಕೆ ಮೊದಲು ಮೆಣಸಿನಪುಡಿ ಗಿರಣಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು. ಮೂರನೇ ವರ್ಷಕ್ಕೇ ಮೂಗು ಕೈಕೊಟ್ಟಿತ್ತು. ಮಲ್ಲಿಗೆಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯದೆ ಒಮ್ಮೆ ತಲೆಗೆ ಏನು ಹಚ್ಚಿಕೊಂಡರೆಂಬ ಕಥೆ ಬೇರೆಯೇ ಇದೆ. ಶೆಡ್ಡಿಗೆ ಬಂದ ಮೊದಲ ವರ್ಷ ಅವರ ಸೆರಗಿನ ಮಡಿಕೆಗಳಲ್ಲಿ ಇನ್ನೂ ಮೆಣಸಿನಪುಡಿ ಇತ್ತು. ಅವರು ಸೆರಗು ಕೊಡವಿದಾಗಲೆಲ್ಲ ನಾನು ಸೀನುತ್ತಿದ್ದೆ. ಪುಡಿ ಹೋಯಿತು, ನನ್ನ ಸೀನು ಹೋಗಲಿಲ್ಲ. ಶೆಡ್ಡಿಗೆ ಸೋರುವ ಗಾಡಿ ಬಂದರೆ ಸಾಕು, ನನಗೆ ಸೀನು. ಗುಮಾಸ್ತರಿಗೆ ಗ್ಯಾಸು ಆಗಿಬರುವುದಿಲ್ಲ ಎಂದು ಊರು ತೀರ್ಮಾನಿಸಿತು. ನಾನೂ ತಿದ್ದಲು ಹೋಗಲಿಲ್ಲ. ಆಟೋದವರು ತಪಾಸಣೆಗೆ ಬರುವಾಗ ನನಗೆಂದು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ತರುವ ಪದ್ಧತಿ ಶುರುವಾದದ್ದು ಹೀಗೆ.

ಚೆಲುವಮ್ಮನ ಕೆಲಸದ ರೀತಿ ನೋಡಬೇಕಿತ್ತು. ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ. ಗ್ಯಾಸು ತುಂಬುವ ಮೂತಿಗೆ ಮುಚ್ಚಳ ಇದೆಯೋ, ಒಳಗೆ ದೂಳು ಕೂತಿದೆಯೋ ನೋಡುವುದು. ಸೀಟು ಎತ್ತಿ ಸಿಲಿಂಡರನ್ನು ಎರಡು ಕೈಯಿಂದ ಹಿಡಿದು, ಹಟ ಮಾಡುವ ಮಗುವನ್ನು ಅಲ್ಲಾಡಿಸುವಂತೆ ಅಲ್ಲಾಡಿಸುವುದು; ಅದು ಅಲುಗಬಾರದು. ಸಿಲಿಂಡರನ್ನು ಕಟ್ಟಿದ ಕಬ್ಬಿಣದ ಪಟ್ಟಿಯ ಕೆಳಗೆ ರಬ್ಬರು ಇರಬೇಕು. ಬೆರಳು ತೂರಿಸಿ ನೋಡುವುದು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿಗೆ ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ, ಆ ತಾರೀಖನ್ನು ಅದರ ಮೈಮೇಲೆ ಕುಟ್ಟಿರುತ್ತಾರೆ. ಅದನ್ನು ಓದಿ ನನಗೆ ಕೂಗಿ ಹೇಳುವುದು. ಪೈಪಿನ ಉದ್ದಕ್ಕೂ ಕೈಯಾಡಿಸುವುದು. ಎಲ್ಲಕ್ಕಿಂತ ಕೊನೆಗೆ ಸೋಪುನೀರು. ಹಳೆಯ ಸೋಪಿನ ಚೂರುಗಳನ್ನು ಕರಗಿಸಿ ನೊರೆ ಎಬ್ಬಿಸಿ, ಒಂದೊಂದು ನಟ್ಟಿಗೂ ಗಡ್ಡ ಹೆರೆಯುವ ಬ್ರಷ್ಷಿನಿಂದ ಬಳಿಯುವುದು. ಬ್ರಷ್ಷು ನನ್ನದು. ಹದಿನೆಂಟು ವರ್ಷದ ಹಿಂದೆ ಒಂದು ದಿನದ ಮಟ್ಟಿಗೆ ಕೇಳಿದ್ದರು. ನೊರೆ ಸುಮ್ಮನಿದ್ದರೆ ಸರಿ. ಗುಳ್ಳೆ ಎದ್ದು ಉಬ್ಬಿದರೆ ಸೋರುತ್ತಿದೆ. "ಗುಳ್ಳೆಗೆ ಯಾರ ಮುಲಾಜೂ ಇಲ್ಲ" ಎನ್ನುತ್ತಿದ್ದರು.

ತಪಾಸಣೆ ಮುಗಿಸಿ ಹೊರಗೆ ಹೋದ ಆಟೋದವರು ತಿರುವಿನಲ್ಲೇ ನಟ್ಟು ಕಾಲು ಸುತ್ತು ಸಡಿಲಿಸುತ್ತಾರೆಂದು ಗೊತ್ತಾದ ಮೇಲೆ, ಚೆಲುವಮ್ಮ ಬಿಗಿ ಮಾಡಿದ ನಟ್ಟಿನಿಂದ ಪೈಪಿನವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯತೊಡಗಿದರು. ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಆಟೋದವರು ಅದೇ ಬಣ್ಣ ಕೊಂಡು ಹೊಸ ಗೆರೆ ಎಳೆದರು. ಇವರು ತಿಂಗಳಿಗೊಂದು ಬಣ್ಣ ಬದಲಿಸಿದರು. ಫ್ಯಾನ್ಸಿ ಸ್ಟೋರಿನವನು ಇವರು ಕೊಂಡ ಬಣ್ಣ ಯಾವುದೆಂದು ಅರ್ಧ ಗಂಟೆಯಲ್ಲಿ ಸ್ಟ್ಯಾಂಡಿಗೆ ತಿಳಿಸತೊಡಗಿದ. ಆಮೇಲೆ ಇವರು ಏಳು ಬಣ್ಣ ಒಟ್ಟಿಗೆ ಕೊಂಡು, ಯಾವುದನ್ನು ಬಳಸುವುದೆಂದು ಯಾರಿಗೂ ಹೇಳುತ್ತಿರಲಿಲ್ಲ. ನನಗೂ. ಆಟೋ ಓಡಿಸುವ ದಪ್ಪ ಮೀಸೆಯ ಗಂಡಸರು ಗುಲಾಬಿಗೂ ತಿಳಿಗುಲಾಬಿಗೂ ಇರುವ ಅಂತರದ ಬಗ್ಗೆ ಬೀಡಿ ಸೇದುತ್ತ ವಾದ ಮಾಡುವುದನ್ನು ನೀವು ಬೇರೆ ಯಾವ ಊರಿನಲ್ಲೂ ಕೇಳಿರಲಾರಿರಿ.

ಈ ಮೀಸೆಗಳಲ್ಲಿ ಮೊದಲನೆಯದು ಹಾಲಪ್ಪನದು. ಊರಿನ ಅತಿ ಜನಪ್ರಿಯ ಆಟೋ ಅವನದು. ಹೂವಿನ ಮಾರ್ಕೆಟ್ಟಿನ ಹೆಂಗಸರು ಬೆಳಿಗ್ಗೆ ಬುಟ್ಟಿಗಳ ಸಮೇತ ಎಂಟೆಂಟು ಜನ ಅದರಲ್ಲೇ ಬರಬೇಕು. ಇಡೀ ದಿನ ಹೂವಿನ ನಡುವೆ ಇರುವವರಿಗೆ ಅದರಲ್ಲಿ ಯಾವ ವಾಸನೆ ಬೇಕಿತ್ತೋ, ಕೇಳುವಂತಿಲ್ಲವಲ್ಲ. ಒಬ್ಬಳಂತೂ ಇಳಿಯುವಾಗ ಪ್ರತಿದಿನ ಸೀಟಿಗೆ ಕೈಮುಗಿದು ಇಳಿಯುತ್ತಿದ್ದಳು.

ಮಳೆಗಾಲ ಮುಗಿದ ಹೊತ್ತಿಗೆ ಚೆಲುವಮ್ಮನಿಗೆ ಒಂದು ವಾರ ಜ್ವರ ಬಂತು. ಜ್ವರ ಬಿಟ್ಟು ಕೆಲಸಕ್ಕೆ ಬಂದ ದಿನ ಮೊದಲ ಗಾಡಿಯೇ ಹಾಲಪ್ಪನದು. ಅವನು ಎಂದಿನಂತೆ ನನಗೆ ಕರವಸ್ತ್ರ ಕೊಟ್ಟ, ನಾನು ಎಂದಿನಂತೆ ಕರವಸ್ತ್ರದೊಳಗೇ ಸೀನಿದೆ. ಚೆಲುವಮ್ಮ ಸೀಟು ಎತ್ತಿ ಬಗ್ಗಿದವರು ಹಾಗೇ ನಿಂತುಬಿಟ್ಟರು. ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡರು. ಆಮೇಲೆ ತಲೆಯೆತ್ತಿ ನನ್ನ ಮೇಜಿನ ಕಡೆ ನೋಡಿ, "ಠಸ್ಸೆ ಪ್ಯಾಡಿನ ಮುಚ್ಚಳ ಹಾಕಿ, ಶಾಯಿ ಒಣಗುತ್ತೆ" ಎಂದರು. ಮುಚ್ಚಳ ಹಾಕಿಯೇ ಇತ್ತು. ಜ್ವರದ ನಿಶ್ಶಕ್ತಿ ಎಂದುಕೊಂಡೆ.

ಹಾಲಪ್ಪ ಹಾಗೆ ಅಂದುಕೊಳ್ಳಲಿಲ್ಲ. ಹಿಂದಿನ ಸೀಟಿನವರ ಮೂಗು ಅರಳುವುದನ್ನು ಕನ್ನಡಿಯಲ್ಲಿ ನೋಡಿ ನೋಡಿಯೇ ಅವನು ವ್ಯಾಪಾರ ಮಾಡಿದವನು.

ಚೆಲುವಮ್ಮ ಸೋಪುನೀರು ಬಳಿದರು. ಗುಳ್ಳೆ ನೆಲ್ಲಿಕಾಯಿಯಷ್ಟಾಯಿತು. ಅಷ್ಟೇ ಆಗಿದ್ದರೆ ನಟ್ಟು ಬಿಗಿದು ಕಳಿಸುತ್ತಿದ್ದರು. ಆದರೆ ಪಟ್ಟಿಯ ಕೆಳಗೆ ತೂರಿಸಿದ ಬೆರಳಿಗೆ ರಬ್ಬರು ಸಿಗಲಿಲ್ಲ. ಬರಿಯ ಕಬ್ಬಿಣ ಸಿಲಿಂಡರಿನ ಮೈಯನ್ನು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಉಗುರು ಕೂರುವಷ್ಟು ಆಳದ ಗೀರು ಮಾಡಿತ್ತು, ಗೀರಿನಲ್ಲಿ ತುಕ್ಕು ಕೂತಿತ್ತು. ತಾರೀಖಿನ ಮೇಲೆ ಹಸಿರು ಪೇಂಟು ಬಳಿದಿತ್ತು. ಕೆರೆದು ನೋಡಿದರೆ ಪರೀಕ್ಷೆಯ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಚೆಲುವಮ್ಮ ಎದ್ದು ಕೈ ಒರೆಸಿಕೊಂಡು, ಸಿಲಿಂಡರು ಬಿಚ್ಚಬೇಕು, ಗಾಡಿ ಇಲ್ಲೇ ಇರಲಿ ಎಂದು ನನಗೆ ಬರೆದುಕೊಳ್ಳಲು ಹೇಳಿದರು.

ಹಾಲಪ್ಪ ಅವರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತಾಡಿದ. "ಚೆಲುವಕ್ಕ, ಜ್ವರ ಬಿಟ್ಟಿದ್ದು ಸಂತೋಷ. ಜತೆಗೆ ಮೂಗೂ ಬಂದಂಗೈತಲ್ಲ."

"ಯಾರಂದೋರು?"

"ಯಾರೂ ಅಂದಿಲ್ಲಕ್ಕ. ಅನ್ನೋದೂ ಬ್ಯಾಡ ಅಂತೀನಿ ನಾನು. ನೀನು ನನ್ನ ಸಿಲಿಂಡರ್ ನೋಡಿಲ್ಲ, ನಾನು ನಿನ್ನ ಮೂಗು ನೋಡಿಲ್ಲ."

ಚೆಲುವಮ್ಮ ಸೊಂಟದಿಂದ ಸ್ಪ್ಯಾನರು ತೆಗೆದು ಅವನ ಕೈಗೇ ಕೊಟ್ಟರು. "ನೀನೇ ಬಿಚ್ಚು. ಸಡಿಲ ಮಾಡೋದ್ರಲ್ಲಿ ನಿನ್ನ ಕೈ ಪಳಗೈತೆ."

ಅವನು ಬಿಚ್ಚಿದ. ಬಿಚ್ಚಿ ನೆಟ್ಟಗೆ ಪುರಸಭೆಗೆ ನಡೆದ.

ಅವನು ಹೋದ ಮೇಲೆ ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು. ಬೆಳಿಗ್ಗೆ ಕಾಫಿ ಕುಡಿಯಲು ಲೋಟ ಎತ್ತಿದಾಗ ಅದರ ವಾಸನೆ ಬಂದುಬಿಟ್ಟಿತಂತೆ. ಇಪ್ಪತ್ತಾರು ವರ್ಷ ಬಿಸಿನೀರಿನಂತೆ ಕುಡಿದಿದ್ದ ಕಾಫಿ. ಕುಡಿಯಲಾಗದೆ ಲೋಟ ಹಿಡಿದುಕೊಂಡೇ ಅರ್ಧ ಗಂಟೆ ಕೂತಿದ್ದರಂತೆ. ಆಮೇಲೆ ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆಗೆದು, ಸ್ಟಾಕ್ ನೋಡುವವರ ಹಾಗೆ ಮೂಸಿ ಮುಚ್ಚಿಟ್ಟು ಬಂದಿದ್ದರು. "ನಿಮ್ಮ ಕೊಡೆ ನಾರುತ್ತೆ ಗುಮಾಸ್ತರೇ, ಬಿಸಿಲಿಗೆ ಹಾಕಿ" ಎಂದರು. ಹಾಕಿದೆ. ಹದಿನೆಂಟು ವರ್ಷದಲ್ಲಿ ಅವರು ನನಗೆ ಮನೆಯವರ ಹಾಗೆ ಹೇಳಿದ ಮೊದಲ ಮಾತು ಅದು.

ನಿಯಮ ಗೊತ್ತಿತ್ತು; ಬರೆದವನೇ ನಾನು. ಮೂಗು ಬಂದರೆ ಹುದ್ದೆ ಹೋಗಬೇಕು, ಬಂದದ್ದನ್ನು ಗುಮಾಸ್ತ ಮೂರು ದಿನದೊಳಗೆ ವರದಿ ಮಾಡಬೇಕು. ಹುದ್ದೆ ಹೋದರೆ ಆ ಜಾಗಕ್ಕೆ ಬರಲು ಪರಶಿವ ಎಂಬಾತ ಎರಡು ವರ್ಷದಿಂದ ಕಾದಿದ್ದ. ಪುರಸಭೆ ಅಧ್ಯಕ್ಷ ಗುರುಸಿದ್ದಪ್ಪನವರ ಹೆಂಡತಿಯ ತಮ್ಮ. ತನಗೆ ಹುಟ್ಟಿನಿಂದ ವಾಸನೆಯೇ ತಿಳಿಯದೆಂದು ಅವನು ಸಾರಿಕೊಂಡು ಬಂದಿದ್ದ, ಆದರೆ ಯಾರ ಮನೆಯಲ್ಲಿ ಒಬ್ಬಟ್ಟು ಬೇಯುತ್ತಿದ್ದರೂ ಆ ಮನೆಗೇ ಸರಿಯಾಗಿ ಬಂದು ಕ್ಷೇಮಸಮಾಚಾರ ಕೇಳುತ್ತಿದ್ದ. ಸೋಪುನೀರು ಎಂದರೆ ಅವನಿಗೆ ಮೈಗೆ ಹಚ್ಚಿಕೊಳ್ಳುವುದೂ ಅಪರೂಪ. ಅವನು ಬಂದರೆ ತುಕ್ಕು ಹಿಡಿದ ಸಿಲಿಂಡರು ಮತ್ತೆ ಎಂಟು ಜನ ಹೂವಿನವರ ಕೆಳಗೆ ಕೂರುತ್ತದೆ. ನಾನು ಮೂರು ದಿನ ವರದಿ ಬರೆಯಲಿಲ್ಲ. ಶಾಯಿ ಇರಲಿಲ್ಲ ಎಂದು ಬೇಕಾದರೆ ಇಟ್ಟುಕೊಳ್ಳಿ.

ನಾಲ್ಕನೇ ದಿನ ಪುರಸಭೆಯಿಂದ ಆದೇಶ ಬಂತು: ಶನಿವಾರ ಬೆಳಿಗ್ಗೆ ಸಭಾಂಗಣದಲ್ಲಿ ಮೂಗಿನ ಪರೀಕ್ಷೆ, ಅಭ್ಯರ್ಥಿಗಳು ಇಬ್ಬರು, ಚೆಲುವಾಂಬ ಮತ್ತು ಪರಶಿವ. ಶನಿವಾರಕ್ಕೆ ಉಳಿದಿದ್ದ ಮೂರು ದಿನ ಶೆಡ್ಡಿನಲ್ಲಿ ಗಾಡಿ ಇಲ್ಲದ ಹೊತ್ತು ನಾವು ಅಭ್ಯಾಸ ಮಾಡಿದೆವು. ನಾನು ಅವರ ಮೂಗಿನ ಕೆಳಗೆ ಇಂಗು ಹಿಡಿಯುವುದು, ಅವರು ಮುಖವನ್ನು ಪುರಸಭೆಯ ಗೋಡೆಯ ಹಾಗೆ ಇಟ್ಟುಕೊಳ್ಳುವುದು. ಇಂಗು, ಒಣಮೀನು, ಬೆಳ್ಳುಳ್ಳಿ ಯಾವುದಕ್ಕೂ ಅವರು ಜಗ್ಗಲಿಲ್ಲ. ಮಲ್ಲಿಗೆ ಹಿಡಿದರೆ ಮಾತ್ರ ಬಲಗೈ ಕಿರುಬೆರಳು ತಾನಾಗಿ ಮೇಲೆದ್ದುಬಿಡುತ್ತಿತ್ತು. ಕೊನೆಗೆ ಕೈಕಟ್ಟಿಕೊಂಡು ನಿಲ್ಲುವುದೆಂದು ಗೊತ್ತುಮಾಡಿದೆವು. ಆದರೆ ಪರೀಕ್ಷೆಯ ಕೊನೆಯ ವಿಷಯ ಗ್ಯಾಸು. ಅದಕ್ಕೆ ಮಾಡಿಕೊಳ್ಳುವಂಥ ಅಭ್ಯಾಸ ಯಾವುದಿದೆ? ಅತ್ಯಂತ ಇಷ್ಟವಾದದ್ದರ ಮುಂದೆ ಮುಖವನ್ನು ಗೋಡೆ ಮಾಡುವುದು ಹೇಗೆಂದು ನಾನು ಚಿಂತೆ ಮಾಡುತ್ತಿದ್ದರೆ, ಅವರು ಅದೊಂದರ ಬಗ್ಗೆ ಮಾತೇ ಎತ್ತಲಿಲ್ಲ.

ಶನಿವಾರ ಸಭಾಂಗಣ ತುಂಬಿತ್ತು. ಕೊನೆಗೆ ಗ್ಯಾಸು ಬಿಡುತ್ತಾರೆಂಬ ಸುದ್ದಿಯಿಂದ ಜನ ಚಾಪೆ ತಂದಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರು, ಆರೋಗ್ಯಾಧಿಕಾರಿ ಡಾಕ್ಟರು, ಮತ್ತು ವಾಸನೆಯ ವಿಷಯದಲ್ಲಿ ಅನುಭವಸ್ಥರೆಂದು ಒಣಮೀನಿನ ವ್ಯಾಪಾರಿ ಕುಂಜಮ್ಮ. ಪಕ್ಕದಲ್ಲಿ ಆಳೆತ್ತರದ ಹಿತ್ತಾಳೆ ದೀಪ. ನಮ್ಮ ಪುರಸಭೆಯಲ್ಲಿ ಚರಂಡಿ ಹೂಳೆತ್ತುವುದಿದ್ದರೂ ಮೊದಲು ದೀಪ ಬೆಳಗಿಸಬೇಕು. ಬೆಳಗಿಸಿದರು. ಅದರ ಪಕ್ಕದಲ್ಲೇ ಒಂದು ಸಿಲಿಂಡರು. ಅದರ ಮೈಮೇಲೆ ಹಸಿರು ಪೇಂಟು ಕೆರೆದ ಗುರುತು: ಹಾಲಪ್ಪನದೇ. ವಶಪಡಿಸಿಕೊಂಡ ಸಿಲಿಂಡರಿನ ಗ್ಯಾಸನ್ನು ಭಾನುವಾರ ಗುಡ್ಡದ ಮೇಲೆ ಬಯಲಿನಲ್ಲಿ ಬಿಡುವುದು ಪದ್ಧತಿ, ಸಂಸಾರ ಸಮೇತ ಜನ ಅಲ್ಲಿಗೆ ಗಾಳಿ ಬೀಸುವ ಕಡೆ ನೋಡಿಕೊಂಡು ಹೋಗಿ ಕೂರುತ್ತಾರೆ. ಇದಕ್ಕೆ ಇನ್ನೂ ಅಧ್ಯಕ್ಷರ ಸಹಿ ಆಗಿರಲಿಲ್ಲ. ಉಗ್ರಾಣದಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಇಟ್ಟಿದ್ದರು.

ಚೆಲುವಮ್ಮ ಒಳಗೆ ಬಂದವರೇ, "ದೀಪ ಆರಿಸಿ, ಕಿಟಕಿ ತೆಗೀರಿ" ಎಂದರು. ಕಿಟಕಿ ತೆಗೆದರೆ ವಾಸನೆ ಪೋಲಾಗುತ್ತದೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಹಚ್ಚಿದ ದೀಪ ಆರಿಸುವುದು ಅಪಶಕುನ ಎಂದು ಅಧ್ಯಕ್ಷರು ಹೇಳಿದರು. ಅಭ್ಯರ್ಥಿ ಪರೀಕ್ಷೆ ಬರೆಯಬೇಕೇ ಹೊರತು ಪರೀಕ್ಷೆ ಮಾಡಬಾರದು ಎಂದು ಪರಶಿವ ಹೇಳಿದ. ಅವನ ದನಿ ಹೊಗೆಸೊಪ್ಪು ಬಾಯಲ್ಲಿಟ್ಟುಕೊಂಡವನ ಹಾಗೆ ಗೊಣಗೊಣ ಎನ್ನುತ್ತಿತ್ತು. ಎರಡೂ ಹೊಳ್ಳೆಯಲ್ಲಿ ಹತ್ತಿ ಇತ್ತೆಂದು ಆಮೇಲೆ ಗೊತ್ತಾಯಿತು.

ಇಂಗು ಬಂತು, ಹೋಯಿತು. ಇಬ್ಬರೂ ಕಲ್ಲು. ಮಲ್ಲಿಗೆ ಬಂತು, ಚೆಲುವಮ್ಮ ಕೈಕಟ್ಟಿಕೊಂಡಿದ್ದರು, ಕಿರುಬೆರಳು ಎಲ್ಲಿತ್ತೋ ನಾನು ಮಾತ್ರ ಬಲ್ಲೆ. ಕುಂಜಮ್ಮ ತಮ್ಮ ಕೈಯಾರೆ ಒಣಮೀನು ಹಿಡಿದರು. ಡಾಕ್ಟರು ಕರವಸ್ತ್ರ ತೆಗೆದರು, ಅಭ್ಯರ್ಥಿಗಳು ಅಲುಗಲಿಲ್ಲ. ಹಾಲಪ್ಪ ಗೋಡೆಗೆ ಒರಗಿ ನಿಂತು ಚೆಲುವಮ್ಮನ ಮೂಗನ್ನೇ ನೋಡುತ್ತಿದ್ದ. ಆಮೇಲೆ ಡಾಕ್ಟರು ಸಿಲಿಂಡರಿನ ಹತ್ತಿರ ಹೋಗಿ, ನಿಯಮದಂತೆ, ವಾಲ್ವನ್ನು ಕಾಲು ಸುತ್ತು ತಿರುಗಿಸಿದರು.

ನಾನು ಸೀನಿದೆ.

ಇನ್ನು ಹೇಳುವುದನ್ನು ಪೂರ್ತಿ ಕಂಡವನು ನಾನೊಬ್ಬನೇ, ಅದೂ ಸೀನುಗಳ ನಡುವೆ. ಮಿಕ್ಕವರೆಲ್ಲ ಅಲ್ಲಿದ್ದರೂ ಅಲ್ಲಿರಲಿಲ್ಲ. ಡಾಕ್ಟರು ವಾಲ್ವಿನ ಮೇಲೆ ಕೈ ಹಾಗೇ ಬಿಟ್ಟು, ತಲೆ ಒಂದು ಕಡೆ ವಾಲಿಸಿ, ಹಳೆಯ ಯಾವುದೋ ರಾಗ ಗುನುಗತೊಡಗಿದರು. ಮೂವತ್ತು ವರ್ಷ ಒಣಮೀನಿನ ಜತೆ ಬಾಳಿದ ಕುಂಜಮ್ಮನ ಕಣ್ಣಲ್ಲಿ ನೀರಾಡಿತು. ಚಾಪೆಯವರು ಚಾಪೆಯ ಮೇಲೆ ಒರಗಿದರು. ಹಾಲಪ್ಪನ ಮೀಸೆ ಮೆತ್ತಗಾಯಿತು. ಪರಶಿವನ ಹತ್ತಿ ಯಾವ ಉಪಯೋಗಕ್ಕೂ ಬರಲಿಲ್ಲ, ಅವನು ಕಣ್ಣು ಮುಚ್ಚಿ, ಎರಡು ಕೈಯನ್ನೂ ಮುಂದಕ್ಕೆ ಚಾಚಿ, ಯಾವುದೋ ನುಣುಪಾದದ್ದನ್ನು ಸವರುವವನ ಹಾಗೆ ಗಾಳಿಯನ್ನು ಸವರುತ್ತ, ಸಭೆಗೆಲ್ಲ ಕೇಳುವಂತೆ ಹೇಳಿದ: "ರೆಕ್ಸಿನ್ನು... ಭಾವನ ಕುರ್ಚಿಯ ಹೊಸ ರೆಕ್ಸಿನ್ನು."

ಅಧ್ಯಕ್ಷರು ತಮ್ಮ ವಾಸನೆಯಿಂದ ಮೊದಲು ಹೊರಗೆ ಬಂದದ್ದು ಈ ಮಾತಿಗೆ. ಬಂದವರು ತಾವು ಕೂತ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ಚೆಲುವಮ್ಮ ನಡೆದುಬಿಟ್ಟಿದ್ದರು. ಮೊದಲು ದೀಪ. ಸೆರಗಿನಿಂದಲ್ಲ, ಎರಡು ಬೆರಳಿಗೆ ಉಗುಳು ಹಚ್ಚಿಕೊಂಡು ಒಂದೊಂದೇ ಬತ್ತಿಯನ್ನು ಹಿಸುಕಿ ಐದನ್ನೂ ಆರಿಸಿದರು. ಆಮೇಲೆ ಡಾಕ್ಟರ ಕೈಯನ್ನು ಎತ್ತಿ ಪಕ್ಕಕ್ಕೆ ಸರಿಸಿ ವಾಲ್ವು ತಿರುಗಿಸಿದರು. ಅದು ಮುಚ್ಚಲಿಲ್ಲ. ಹಾಲಪ್ಪ ವರ್ಷಗಟ್ಟಲೆ ನಟ್ಟಿನ ಜತೆ ವಾಲ್ವನ್ನೂ ಸಡಿಲಿಸಿ ಬಿಗಿದು ಸಡಿಲಿಸಿ ಅದರ ತಿರುಪಿನ ಎಳೆಗಳನ್ನೇ ಸವೆಸಿಹಾಕಿದ್ದ, ತಿರುಗಿಸಿದಷ್ಟೂ ತಿರುಗುತ್ತಿತ್ತು. ಗ್ಯಾಸಿನ ಸದ್ದು ಜೋರಾಯಿತು. ಗ್ಯಾಸು ಹಗುರ, ಮೇಲಕ್ಕೆ ಹೋಗುತ್ತದೆ, ಮೇಲೆ ಮುಚ್ಚಿದ ತಾರಸಿ, ತಾರಸಿಯಲ್ಲಿ ಕಿಡಿ ಹಾರಿಸುತ್ತ ತಿರುಗುವ ಪುರಸಭೆಯ ಫ್ಯಾನು. "ಗುಮಾಸ್ತರೇ, ಕಿಟಕಿ" ಎಂದರು. ನಾನು ಸೀನುತ್ತ ಒಂದೊಂದೇ ಕಿಟಕಿ ತೆಗೆದೆ. ಫ್ಯಾನಿನ ಸ್ವಿಚ್ಚಿಗೆ ಕೈಹಾಕಲು ಹೋದ ನನ್ನನ್ನು "ಸ್ವಿಚ್ ಮುಟ್ಬೇಡಿ, ಹೊರಗೆ ಹೋಗಿ ಮೇನ್ ತೆಗೀರಿ" ಎಂದು ತಡೆದರು. ನಾನು ಹೊರಗೆ ಓಡಿ ಮೇನ್ ತೆಗೆದು ಬರುವಷ್ಟರಲ್ಲಿ ಅವರು ಅಷ್ಟು ಭಾರದ ಸಿಲಿಂಡರನ್ನು ತಬ್ಬಿ ಎತ್ತಿ, ಚಾಪೆಗಳ ನಡುವೆ ದಾರಿ ಮಾಡಿಕೊಂಡು, ಅಂಗಳದ ಬಯಲಿನಲ್ಲಿ ತಂದಿಟ್ಟಿದ್ದರು. ಅದು ಅಲ್ಲಿ ಆಕಾಶಕ್ಕೆ ಸುಯ್ಯೆಂದು ಖಾಲಿಯಾಯಿತು. ಹಿಂದಿಂದೆಯೇ ಎದ್ದು ಬಂದ ಜನ ಅದರ ಸುತ್ತ ಕೂರಲು ನೋಡಿದಾಗ, ಚೆಲುವಮ್ಮ ಸ್ಪ್ಯಾನರು ಹಿಡಿದು ನಿಂತರು. ಯಾರೂ ಹತ್ತಿರ ಬರಲಿಲ್ಲ.

ಸಭೆ ಮತ್ತೆ ಕೂಡಿದಾಗ ತೀರ್ಮಾನ ಬರೆಯಬೇಕಿತ್ತು. ಗ್ಯಾಸು ಬಿಟ್ಟಾಗ ಚೆಲುವಾಂಬ ಅವರ ಮುಖದಲ್ಲಿ ಏನಾದರೂ ಲಕ್ಷಣ ಕಂಡಿತೇ ಎಂದು ನಾನು ಪರೀಕ್ಷಕರನ್ನು ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಡಿಲ್ಲ ಎಂದರು ಡಾಕ್ಟರು, ಅದು ಸುಳ್ಳಲ್ಲ. "ಯಾವುದೇ ಲಕ್ಷಣ ಕಂಡುಬರಲಿಲ್ಲ" ಎಂದು ಬರೆದೆ, ಮೂವರೂ ಸಹಿ ಮಾಡಿದರು. ಅಧ್ಯಕ್ಷರು ಪೆನ್ನು ಕೊಡುವಾಗ, ಪರಶಿವನ ಅರ್ಜಿಯನ್ನು ಇನ್ನು ಮುಂದೆ ಸ್ವೀಕರಿಸಬಾರದೆಂದೂ, ಸಾಧ್ಯವಾದರೆ ಅವನನ್ನು ಈ ಕಟ್ಟಡದೊಳಕ್ಕೇ ಬಿಡಬಾರದೆಂದೂ ಸೇರಿಸಲು ಹೇಳಿದರು. ಹಾಲಪ್ಪ ಮಾತ್ರ ಬಾಗಿಲ ಹತ್ತಿರ ಕಾದಿದ್ದು, ಚೆಲುವಮ್ಮ ಹೊರಗೆ ಬಂದಾಗ ತಲೆ ತಗ್ಗಿಸಿ ನಿಂತ. ಮೂಗಿನ ಮಾತು ಎತ್ತಲಿಲ್ಲ. "ದೀಪ ಅಲ್ಲೇ ಉರೀತಿತ್ತಲ್ಲಕ್ಕ" ಎಂದ. "ಹೂಂ" ಎಂದರು. "ದಿನಾ ಎಂಟು ಜನ ಕೂರುಸ್ತಿದ್ದೆ ಅದರ ಮೇಲೆ" ಎಂದ. ಅದಕ್ಕೂ ಅವರು ಹೂಂ ಎಂದರು. ಹೊಸ ಸಿಲಿಂಡರು ಹಾಕಿಸಿ ಮೂರು ವಾರದ ಮೇಲೆ ಗಾಡಿ ತಂದ. ಹೂವಿನವರು ಈಗ ಅವನ ಆಟೋದಲ್ಲಿ ಇಳಿಯುವ ಕಡೆ ಸರಿಯಾಗಿ ಇಳಿಯುತ್ತಾರೆ, ಸೀಟಿಗೆ ಕೈಮುಗಿಯುವುದಿಲ್ಲ, ಅವನನ್ನು ಬಯ್ಯುತ್ತಾರೆ.

ಆ ಗಾಡಿ ಬಂದ ದಿನವೇ ನಾನು ಆ ಅಸಭ್ಯ ಪ್ರಶ್ನೆ ಕೇಳಿದ್ದು. ಗಾಡಿ ಬಿಟ್ಟು ಹಾಲಪ್ಪ ಎಳನೀರು ಕುಡಿಯಲು ಹೋಗಿದ್ದ. ಚೆಲುವಮ್ಮ ಸೀಟಿನ ಕೆಳಗೆ ತಲೆಯಿಟ್ಟು ನೊರೆ ಬಳಿಯುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಕಂಡಿದ್ದರೆ ಕೇಳುತ್ತಿರಲಿಲ್ಲ.

"ಚೆಲುವಮ್ಮ, ಅವತ್ತು ಸಭೆಯಲ್ಲಿ ನಿಮಗೆ ಏನು ವಾಸನೆ ಬಂತು?"

ಬ್ರಷ್ಷು ನಿಲ್ಲಲಿಲ್ಲ. ಅವರು ನಟ್ಟಿಗೆ ಹೇಳುವ ಹಾಗೆ ಹೇಳಿದರು. "ಠಸ್ಸೆ ಪ್ಯಾಡಿನ ಶಾಯಿ. ಜ್ವರ ಬಿಟ್ಟ ದಿನ ಹಾಲಪ್ಪನ ಗಾಡೀಲಿ ಬಂದಿದ್ದೂ ಅದೇ. ಲೀಕ್ ಇದ್ರೂ ಅದೇ ವಾಸನೆ, ನೀವು ಎದುರಿಗೆ ಸುಮ್ನೆ ಕೂತಿದ್ರೂ ಅದೇ ವಾಸನೆ. ಇಂಥ ಮೂಗು ಕಟ್ಕೊಂಡು ತಪಾಸಣೆ ಮಾಡೋಕಾಗುತ್ತಾ? ಸೋಪುನೀರೇ ಸರಿ."

ನಾನು ರಿಜಿಸ್ಟರಿನ ಪುಟವೊಂದನ್ನು ಬಹಳ ಹೊತ್ತು ಓದಿದೆ. ಅದರಲ್ಲಿ ಏನೂ ಬರೆದಿರಲಿಲ್ಲ.

"ನೊರೆ ಸುಮ್ನಿದೆ, ಲೀಕ್ ಇಲ್ಲ" ಎಂದು ಅವರು ಕೂಗಿದರು. ಬರೆದುಕೊಂಡೆ. ಆಗ ನನಗೆ ಸೀನು ಬಂತು.

ಸೀಟಿನ ಕೆಳಗಿನಿಂದ ತಲೆ ಹೊರಗೆ ಬಂತು. ಅವರು ನಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನಟ್ಟಿಗೆ ಇನ್ನೊಂದು ಸಲ ನೊರೆ ಬಳಿದು ಕಾದರು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ತಮ್ಮ ಸೆರಗನ್ನು ಹಿಡಿದು ನೋಡಿಕೊಂಡರು. "ಗ್ಯಾಸು ಆಗಿಬರಲ್ಲ ಅಂತಿದ್ರಿ" ಎಂದರು.

"ಜನ ಅಂತಿದ್ರು. ನಾನು ಅಂದಿಲ್ಲ."

"ಮತ್ತೆ?"

"ಬ್ಯಾಡಗಿ ಮೆಣಸಿನಪುಡಿ" ಎಂದೆ. "ಹದಿನೆಂಟು ವರ್ಷದಿಂದ."

ಚೆಲುವಮ್ಮ ಎದ್ದರು. ಕಪಾಟಿನ ಬೀಗ ತೆಗೆದು ಏಳು ಉಗುರುಬಣ್ಣದ ಬಾಟಲಿಗಳನ್ನು ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಈ ತಿಂಗಳದ್ದು ನೀವೇ ಆರಿಸಿ ಎಂದರು. ನಾನು ಕೆಂಪನ್ನು ಮುಂದೆ ಸರಿಸಿದೆ. ಅವರು ನಟ್ಟಿನಿಂದ ಪೈಪಿನವರೆಗೆ ಒಂದು ಗೆರೆ ಎಳೆದರು, ಎಂದಿನದಕ್ಕಿಂತ ಕೊಂಚ ಉದ್ದವಾಗಿ. ಎಳನೀರು ಮುಗಿಸಿ ಬಂದ ಹಾಲಪ್ಪ ಗೆರೆಯನ್ನು ನೋಡಿದ, ನನ್ನನ್ನು ನೋಡಿದ, ಚೆಲುವಮ್ಮನನ್ನು ನೋಡಿದ, ಮೀಸೆಯ ಮೇಲೆ ಕೈಯಾಡಿಸಿಕೊಂಡು ಗಾಡಿ ತೆಗೆದುಕೊಂಡು ಹೋದ. ಸಂಜೆಯ ಹೊತ್ತಿಗೆ ಫ್ಯಾನ್ಸಿ ಸ್ಟೋರಿನಲ್ಲಿ ಕೆಂಪು ಬಣ್ಣದ ಒಂದು ಬಾಟಲಿಯೂ ಉಳಿದಿರಲಿಲ್ಲ.